ಏಳು ವರ್ಷ ಹಿಡಿದ ಬೀಗ

ಪ್ರಶ್ನೆ: ಅಮೆರಿಕಕ್ಕೆ ವಲಸೆ ಹೋದ ಜರ್ಮನ್ ಕಮ್ಮಾರರು ಅಲ್ಲಿ ಲಾಳ ಹೊಡೆದೇ ಹೊಟ್ಟೆ ಹೊರೆದರೇ? ಕಾರ್ಖಾನೆ ಮಾಲು ಬಂದ ಮೇಲೆ ಏನು ಮಾಡಿದರು?
– ಓದುಗರೊಬ್ಬರು, ತಿಪಟೂರು

ಉತ್ತರ: ಲಾಳ ಹೊಡೆದವರು ಬೇಕಾದಷ್ಟು ಜನ. ನನಗೆ ಇಷ್ಟವಾದವನು ಬೇರೆ ಥರದವನು, ಫ್ರಾಂಕ್ ಕೊರಾಲೆವ್ಸ್ಕಿ. 1872ರಲ್ಲಿ ಬಾಲ್ಟಿಕ್ ಕಡಲ ದಂಡೆಯ ಸ್ಟ್ರಾಲ್‌ಸುಂಡ್‌ನಲ್ಲಿ ಹುಟ್ಟಿದ. ಜರ್ಮನಿಯಲ್ಲೇ ಕೆಲಸ ಕಲಿತು, ಹಲವು ಕುಲುಮೆಗಳಲ್ಲಿ ದುಡಿದು, 1890ರ ದಶಕದಲ್ಲಿ ಬಾಸ್ಟನ್ ಸೇರಿದ. ಆಗ ಆ ಊರಲ್ಲಿ ಯಂತ್ರದ ಮಾಲು ಬೇಡ, ಕೈಕೆಲಸವೇ ಬೇಕು ಅನ್ನುವವರ ಸಂಘವೇ ಇತ್ತು. ಇವನೂ ಅದರ ಸದಸ್ಯನಾದ. ಒಳ್ಳೇ ಕಾಲಕ್ಕೆ ಹೋದ, ಅಲ್ವಾ?

ಅವನ ಒಂದು ಬೀಗದ ಕಥೆ ಕೇಳಿ. 1911ರದ್ದು. ಮೈತುಂಬ ಸ್ನೋ ವೈಟ್ ಮತ್ತು ಏಳು ಕುಳ್ಳರ ಕಥೆ! ಮೂಲ ಕಬ್ಬಿಣವೇ. ಅದರಲ್ಲಿ ಚಿನ್ನ, ಬೆಳ್ಳಿ, ತಾಮ್ರ, ಕಂಚು ಕೂರಿಸಿದ್ದಾನೆ. ಗಡಸು ಕಬ್ಬಿಣ ಕೊರೆದು ಮೆತ್ತನೆಯ ಲೋಹ ಬಡಿದು ಕೂರಿಸುವುದು ಸುಮ್ನೆ ಮಾತಲ್ಲ. ಏಟು ಜಾಸ್ತಿಯಾದರೆ ಗೆರೆ ಕೆಟ್ಟಿತು. ಇದಕ್ಕೆ ಏಳು ವರ್ಷ ಹಿಡಿಯಿತಂತೆ. ಕುಳ್ಳನಿಗೊಂದು ವರ್ಷ!

1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ವಸ್ತುಪ್ರದರ್ಶನದಲ್ಲಿ ಅದಕ್ಕೆ ಚಿನ್ನದ ಪದಕ ಬಂತು. ಈಗ ಆ ಬೀಗ ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ನಮ್ಮ ಮನೆ ಬೀಗವೋ, ಮಳೆಗಾಲ ಬಂದರೆ ಕೊಬ್ಬರಿ ಎಣ್ಣೆ ಬಿಡದೆ ತೆಗೆಯುವುದೇ ಇಲ್ಲ.