ಹವ್ಯಾಸ ಅಂದರೂ ಕೇಳುತ್ತಿಲ್ಲ, ಬಂದೂಕು ವ್ಯಾಪಾರ ಅನ್ನುತ್ತಿದ್ದಾರೆ

ಪ್ರಶ್ನೆ: ನಾವು ಕೊಡಗಿನವರು. ಮಗ ಹನ್ನೆರಡು ವರ್ಷದಿಂದ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ಸಾಫ್ಟ್‌ವೇರ್ ಕೆಲಸ, ಗ್ರೀನ್ ಕಾರ್ಡ್ ಇದೆ. ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದವನು, ಅಲ್ಲಿ ಹೋದರೂ ಆ ಹುಚ್ಚು ಬಿಡಲಿಲ್ಲ. 2021ರಿಂದ 2023ರವರೆಗೆ 22 ಬಂದೂಕು, ಪಿಸ್ತೂಲುಗಳನ್ನು ಮಾರಿದ್ದಾನೆ. ಕೆಲವನ್ನು ಗನ್ ಶೋನಲ್ಲಿ ಟೇಬಲ್ ಹಾಕಿಕೊಂಡು, ಕೆಲವನ್ನು ಆನ್‌ಲೈನ್ ಜಾಹೀರಾತು ಕೊಟ್ಟು. ಒಂದು ದಿನ ಎಟಿಎಫ್‌ (ಬಂದೂಕು ಕಾನೂನು ನೋಡಿಕೊಳ್ಳುವ ಅಮೆರಿಕದ ಕೇಂದ್ರ ಸಂಸ್ಥೆ) ಅಧಿಕಾರಿಗಳಿಬ್ಬರು ಮನೆಗೆ ಬಂದಿದ್ದಾರೆ. ಇವನು ಕಾಫಿ ಕೊಟ್ಟು ಒಂದೂವರೆ ಗಂಟೆ ಮಾತಾಡಿದ್ದಾನೆ. ಈಗ ಲೈಸೆನ್ಸ್ ಇಲ್ಲದೆ ಬಂದೂಕು ವ್ಯಾಪಾರ ಮಾಡಿದ ಅಂತ ಫೆಡರಲ್ (ಕೇಂದ್ರ ಸರ್ಕಾರದ) ಕೇಸ್. ಟೆಕ್ಸಾಸ್‌ನಲ್ಲಿ ಸ್ವಂತ ಬಂದೂಕು ಮಾರಲು ಲೈಸೆನ್ಸ್ ಬೇಡ ಅಂತಾರೆ, ಮತ್ತೆ ಇದೇನು? ತಪ್ಪೊಪ್ಪಿಕೊಂಡರೆ ಜೈಲಿಲ್ಲದೆ ಮುಗಿಯುತ್ತದೆ ಅಂತ ಅವನ ಸ್ನೇಹಿತರು ಹೇಳುತ್ತಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ಕೊಡಗು

ಉತ್ತರ: ಸರ್, ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ತಪ್ಪೊಪ್ಪಿಗೆಯ ಯಾವ ಕಾಗದಕ್ಕೂ ಮಗ ಈಗಲೇ ಸಹಿ ಹಾಕುವುದು ಬೇಡ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಕೊಡಗಿನವರಿಗೆ ಈ ಕೇಸು ಅರ್ಥವಾಗುವುದು ಸುಲಭ. ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರು, ಕೊಡವರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು. ಹಾಗಂತ ಮಡಿಕೇರಿಯಲ್ಲಿ ಕೋವಿ ಅಂಗಡಿ ತೆರೆಯಲು ಆಗುತ್ತದಾ? ಇಟ್ಟುಕೊಳ್ಳುವುದು ಬೇರೆ, ವ್ಯಾಪಾರ ಬೇರೆ. ಅಮೆರಿಕದಲ್ಲೂ ಹಾಗೇ. ತನ್ನ ಬಂದೂಕನ್ನು ತನ್ನದೇ ರಾಜ್ಯದ ಇನ್ನೊಬ್ಬರಿಗೆ ಅಪರೂಪಕ್ಕೆ ಮಾರಲು ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಬೇಡ, ಕೊಳ್ಳುವವನ ಹಿನ್ನೆಲೆ ತಪಾಸಣೆಯೂ ಕಡ್ಡಾಯವಲ್ಲ. ಲೈಸೆನ್ಸ್ ಬೇಡ ಅನ್ನುವುದು ಸುಳ್ಳಲ್ಲ, ಅರ್ಧ ಸತ್ಯ. ವ್ಯಾಪಾರಕ್ಕೆ ಇಳಿದರೆ ಫೆಡರಲ್ ಲೈಸೆನ್ಸ್ ಬೇಕೇ ಬೇಕು. 1968ರ ಬಂದೂಕು ನಿಯಂತ್ರಣ ಕಾಯ್ದೆ ಹೇಳುವುದು ಇದನ್ನೇ. ಶಿಕ್ಷೆ 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ.

ಇಷ್ಟು ಮಾರಿದರೆ ವ್ಯಾಪಾರ, ಅದಕ್ಕಿಂತ ಕಡಿಮೆಯಾದರೆ ಹವ್ಯಾಸ ಅಂತ ಕಾನೂನಿನಲ್ಲಿ ಲೆಕ್ಕ ಕೊಟ್ಟಿಲ್ಲ. ಎರಡೇ ಮಾರಿದರೂ ಸಿಕ್ಕಿಬೀಳಬಹುದು, ಅಜ್ಜನ ಕಾಲದ ಸಂಗ್ರಹ 50 ಮಾರಿದರೂ ಏನೂ ಆಗದಿರಬಹುದು. ನೋಡುವುದು ಉದ್ದೇಶವನ್ನು. ಇಲ್ಲಿ ಒಂದು ತಾರೀಖು ನಿಮ್ಮ ಮಗನಿಗೆ ಬಹಳ ಮುಖ್ಯ: 2022ರ ಜೂನ್ 25. ಅಲ್ಲಿಯವರೆಗೆ 'ಜೀವನೋಪಾಯ ಮತ್ತು ಲಾಭ' ಮುಖ್ಯ ಗುರಿ ಅಂತ ಸರ್ಕಾರ ತೋರಿಸಬೇಕಿತ್ತು. ಒಳ್ಳೆಯ ಸಂಬಳದ ಸಾಫ್ಟ್‌ವೇರ್ ಉದ್ಯೋಗಿಗೆ ಇದು ಆಸರೆ. ಆ ದಿನ ಬೈಡನ್ ಸಹಿ ಹಾಕಿದ ಕಾಯ್ದೆ 'ಜೀವನೋಪಾಯ'ವನ್ನು ತೆಗೆದುಹಾಕಿತು. ಈಗ ಉದ್ದೇಶ ಪ್ರಧಾನವಾಗಿ ಲಾಭದ್ದಾಗಿದ್ದರೆ ಸಾಕು. ಮಗನ ಮಾರಾಟಗಳು ಈ ತಾರೀಖಿನ ಎರಡೂ ಕಡೆ ಇವೆ. ಹಳೆಯವನ್ನು ಹೊಸ ಅಳತೆಗೋಲಿನಲ್ಲಿ ಅಳೆಯುವಂತಿಲ್ಲ. ವಕೀಲರು ಮೊದಲು ಇದನ್ನು ಬೇರ್ಪಡಿಸಲಿ.

ಅದಕ್ಕೆ ಮಗನೇ ಕೂತು ಒಂದು ಪಟ್ಟಿ ಮಾಡಬೇಕು, ವಕೀಲರಿಗೆ ಮಾತ್ರ ತೋರಿಸಲು. 22ಕ್ಕೂ ಒಂದೊಂದು ಸಾಲು: ಯಾವಾಗ ಕೊಂಡ, ಎಷ್ಟಕ್ಕೆ, ಎಷ್ಟು ದಿನ ಇಟ್ಟುಕೊಂಡ, ಎಷ್ಟಕ್ಕೆ ಮಾರಿದ, ಯಾಕೆ. 2017ರಲ್ಲಿ ಕೊಂಡು ನಾಲ್ಕು ವರ್ಷ ಬಳಸಿ, 50 ಡಾಲರ್ ನಷ್ಟಕ್ಕೆ ಮಾರಿ, ಆ ದುಡ್ಡಿಗೆ ಇನ್ನೊಂದು ರೈಫಲ್ ಕೊಂಡಿದ್ದರೆ ಆ ಸಾಲು ನಮ್ಮದು. ಸಂಗ್ರಹ ಹೆಚ್ಚಿಸಿಕೊಳ್ಳಲು, ಹವ್ಯಾಸಕ್ಕೆ ಅಪರೂಪಕ್ಕೊಮ್ಮೆ ಮಾರಿದರೆ, ಸ್ವಂತ ಸಂಗ್ರಹವನ್ನೇ ಖಾಲಿ ಮಾಡಿದರೆ ವ್ಯಾಪಾರವಲ್ಲ ಅಂತ ಕಾನೂನೇ ಹೇಳುತ್ತದೆ. ಶುಕ್ರವಾರ ಅಂಗಡಿಯಲ್ಲಿ ಕೊಂಡ ಪಿಸ್ತೂಲನ್ನು ಭಾನುವಾರ ಪೆಟ್ಟಿಗೆ ಸಮೇತ 80 ಡಾಲರ್ ಜಾಸ್ತಿಗೆ ಮಾರಿದ್ದರೆ ಆ ಸಾಲು ಸರ್ಕಾರದ್ದು. ಒಂದೇ ಮಾದರಿಯ ಮೂರು ಪಿಸ್ತೂಲು ಒಟ್ಟಿಗೆ ಕೊಂಡಿದ್ದರೆ ಅದೂ ಸರ್ಕಾರದ್ದೇ. ಐದು ಕೆಲಸದ ದಿನಗಳೊಳಗೆ ಒಬ್ಬನೇ ಎರಡು ಕೈಬಂದೂಕು ಕೊಂಡರೆ ಅಂಗಡಿಯವರು ಎಟಿಎಫ್‌ಗೆ ತಿಳಿಸಲೇಬೇಕು. ಇಂಥ ಎಷ್ಟೋ ತನಿಖೆಗಳು ಶುರುವಾಗುವುದೇ ಆ ಕಾಗದದಿಂದ.

ಅಂಗಡಿಯಲ್ಲಿ ತುಂಬುವ 4473 ಫಾರಂ ಕೂಡ ನೋಡಬೇಕು. ಬಂದೂಕು ನಿಜವಾಗಿ ಕೊಳ್ಳುತ್ತಿರುವುದು ನೀನೇನಾ ಅಂತ ಅದರಲ್ಲಿ ಕೇಳುತ್ತಾರೆ. ಯಾರೋ ಮುಂಗಡ ಕೊಟ್ಟಿದ್ದಾರೆ ಅಂತ ಕೊಂಡು, 'ನನಗೇ' ಅಂತ ಬರೆದಿದ್ದರೆ ಅದು ಬೇರೆಯೇ ಅಪರಾಧ. ವರ್ಜೀನಿಯಾದ ಮಾಜಿ ಪೊಲೀಸ್ ಅಬ್ರಾಮ್ಸ್ಕಿ ತನ್ನ ಚಿಕ್ಕಪ್ಪನಿಗೆ ಗ್ಲಾಕ್ ಪಿಸ್ತೂಲು ಕೊಂಡು ಹೀಗೆ ಬರೆದಿದ್ದ. ಆ ಚಿಕ್ಕಪ್ಪನಿಗೆ ಬಂದೂಕು ಇಟ್ಟುಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ. ಆದರೂ 2014ರಲ್ಲಿ ಸುಪ್ರೀಂ ಕೋರ್ಟ್ ಅಬ್ರಾಮ್ಸ್ಕಿಯ ಶಿಕ್ಷೆ ಎತ್ತಿಹಿಡಿಯಿತು.

ಎರಡನೆಯ ಹಿಡಿತ 'ಗೊತ್ತಿದ್ದೂ ಮಾಡಿದ' ಅನ್ನುವ ಮಾತು. ಸರ್ಕಾರ ಇದನ್ನೂ ಸಾಬೀತು ಮಾಡಬೇಕು. 1998ರ ಬ್ರಯಾನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದರ ಅಳತೆ ಹೇಳಿದೆ. ಬ್ರಯಾನ್ ಬೇರೆಯವರ ಕೈಯಲ್ಲಿ ಒಹಾಯೋದಲ್ಲಿ ಪಿಸ್ತೂಲು ಕೊಳ್ಳಿಸಿ, ಬ್ರೂಕ್ಲಿನ್‌ನ ಬೀದಿ ಮೂಲೆಗಳಲ್ಲಿ ಮಾರುತ್ತಿದ್ದ. ಕ್ರಮಸಂಖ್ಯೆ ಉಜ್ಜಿ ಅಳಿಸುತ್ತೇನೆ ಅಂತ ತನಗಾಗಿ ಕೊಂಡುಕೊಟ್ಟವರಿಗೆ ಮಾತು ಕೊಡುತ್ತಿದ್ದ. ಲೈಸೆನ್ಸ್ ಬೇಕು ಅನ್ನುವ ನಿಯಮವೇ ಗೊತ್ತಿರಬೇಕಿಲ್ಲ, ಮಾಡುತ್ತಿರುವುದು ಕಾನೂನಿಗೆ ವಿರುದ್ಧ ಅಂತ ಗೊತ್ತಿದ್ದರೆ ಸಾಕು ಅಂದಿತು ಕೋರ್ಟ್. ನಿಮ್ಮ ಮಗ ಬ್ರಯಾನ್‌ನಂತೆ ಕದ್ದುಮುಚ್ಚಿ ಮಾಡಿಲ್ಲ. ನಾಲ್ಕು ಜನರೆದುರು ಟೇಬಲ್ ಹಾಕಿ, ತನ್ನ ಹೆಸರಲ್ಲೇ ಜಾಹೀರಾತು ಕೊಟ್ಟಿದ್ದರೆ ಅದು ಅವನ ಪರ. ಆದರೆ ಎಟಿಎಫ್‌ನಿಂದ ಮೊದಲೇ ಎಚ್ಚರಿಕೆ ಪತ್ರ ಬಂದಿತ್ತಾ? ಕೊಳ್ಳುವವನು ಯಾರಾದರೂ 'ತಪಾಸಣೆ ಮಾಡಿದರೆ ನನಗೆ ಸಿಗಲ್ಲ' ಅಂದಿದ್ದಾನಾ? ಅಂದಿದ್ದರೆ ಅವನು ಮಫ್ತಿ ಅಧಿಕಾರಿಯೇ ಆಗಿರಬಹುದು, ಜೇಬಿನಲ್ಲಿ ರೆಕಾರ್ಡರ್ ಇಟ್ಟುಕೊಂಡು. ಈ ಎರಡು ಪ್ರಶ್ನೆಗೆ ಮಗ ವಕೀಲರಿಗೆ ಇದ್ದದ್ದು ಇದ್ದಹಾಗೆ ಹೇಳಲಿ.

ಇನ್ನು ಆ ಕಾಫಿ. ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸಿದರೆ ನಮಗೆ ಸಮಾಧಾನ ಇರಲ್ಲ, ನಿಜ. ಕಾಫಿ ಕೊಟ್ಟು ಸುಮ್ನಿದ್ದಿದ್ದರೆ ಚೆನ್ನಾಗಿತ್ತು. ನಾನು ನೋಡಿದ ಇಂಥ ಕೇಸುಗಳಲ್ಲಿ ಸರ್ಕಾರದ ಕೈಯಲ್ಲಿರುವ ಗಟ್ಟಿ ಸಾಕ್ಷಿ ಆರೋಪಿಯ ಬಾಯಿಂದಲೇ ಬಂದದ್ದು. 'ಓಡಾಟದ ಖರ್ಚಾದರೂ ಹುಟ್ಟುತ್ತಿತ್ತು' ಅಂತ ಒಂದು ಮಾತು ಹೊರಬಿದ್ದರೆ ಜ್ಯೂರಿ ಮುಂದೆ ಅದೇ 'ಲಾಭದ ಉದ್ದೇಶ' ಆಗುತ್ತದೆ. 'ನಿನಗೆ ಸುಮ್ಮನಿರುವ ಹಕ್ಕಿದೆ' ಎಂದು ಎಚ್ಚರಿಸಬೇಕಾದದ್ದು ವಶಕ್ಕೆ ತೆಗೆದುಕೊಂಡು ಪ್ರಶ್ನಿಸುವಾಗ. ಮನೆ ಜಗಲಿಯ ಮಾತಿಗೆ ಅದು ಸಾಮಾನ್ಯವಾಗಿ ಅನ್ವಯಿಸಲ್ಲ. ಭಯಕ್ಕೆ ಏನಾದರೂ ಸುಳ್ಳು ಹೇಳಿದ್ದರೆ ಅದಕ್ಕೇ ಪ್ರತ್ಯೇಕವಾಗಿ 5 ವರ್ಷದವರೆಗೆ ಶಿಕ್ಷೆ ಇದೆ. ಇನ್ನು ಮೇಲೆ ಯಾರು ಬಂದರೂ 'ನನ್ನ ವಕೀಲರ ಹತ್ತಿರ ಮಾತಾಡಿ' ಅನ್ನುವುದೊಂದೇ ಮಾತು. ಫೋನಿನಲ್ಲಿರುವ ಮೆಸೇಜು ಅಳಿಸುವುದು ಬೇಡ. ನಿಮ್ಮ ಜೊತೆ ವಾಟ್ಸಾಪ್‌ನಲ್ಲಿ ಕೇಸಿನ ಚರ್ಚೆಯೂ ಬೇಡ. ತಂದೆ ಮಗನ ಮಾತಿಗೆ ಅಲ್ಲಿ ವಕೀಲ–ಕಕ್ಷಿದಾರರ ಮಾತಿಗಿರುವ ರಕ್ಷಣೆ ಇಲ್ಲ.

ಬಂದೂಕು ಇಟ್ಟುಕೊಳ್ಳುವುದು ಸಂವಿಧಾನದ ಹಕ್ಕು, ಲೈಸೆನ್ಸೇ ತಪ್ಪು ಅಂತ ವಾದಿಸಿ ಎಂದು ಯಾರಾದರೂ ಹುರಿದುಂಬಿಸಬಹುದು. ಅದನ್ನೇ ನೆಚ್ಚಿಕೊಳ್ಳಬೇಡಿ. ಬಂದೂಕಿನ ಹಕ್ಕನ್ನು ಎತ್ತಿಹಿಡಿದ 2008ರ ಹೆಲ್ಲರ್ ತೀರ್ಪಿನಲ್ಲೇ ಮಾರಾಟಕ್ಕೆ ಷರತ್ತು ಹಾಕುವುದನ್ನು ಪ್ರಶ್ನಿಸುತ್ತಿಲ್ಲ ಅಂತ ಬರೆದಿದ್ದಾರೆ.

ಈಗ ತಪ್ಪೊಪ್ಪಿಗೆಯ ವಿಷಯ. ಅಮೆರಿಕನ್ ಪ್ರಜೆಗೆ ಇದು ಬರೀ ಜೈಲಿನ ಲೆಕ್ಕ. ಶಿಕ್ಷೆಯ ಮಾರ್ಗಸೂಚಿಯಲ್ಲಿ ಬಂದೂಕಿನ ಸಂಖ್ಯೆ ಏರಿದಂತೆ ಶಿಕ್ಷೆ ಹೆಚ್ಚಿಸುವ ಅಂಕ ಏರುತ್ತದೆ: 3ರಿಂದ 7ಕ್ಕೆ 2 ಅಂಕ, 8ರಿಂದ 24ಕ್ಕೆ 4, 25ರಿಂದ 99ಕ್ಕೆ 6. 22ರಲ್ಲಿ 15 ಸಾಲು ಹವ್ಯಾಸ ಅಂತ ಉಳಿದರೂ ಅಂಕ ಇಳಿಯುತ್ತದೆ, ಪಟ್ಟಿ ಅದಕ್ಕೂ ಬೇಕು. ಗ್ರೀನ್ ಕಾರ್ಡ್‌ನವರ ಕಥೆ ಬೇರೆ. ಕಾನೂನು ಮೀರಿ ಬಂದೂಕು ಮಾರಿದ ಅಪರಾಧ ಸಾಬೀತಾದರೆ ಗಡೀಪಾರು ಮಾಡಬಹುದು. ಅದು 'ಬಂದೂಕಿನ ಅಕ್ರಮ ಸಾಗಣೆ' ಅಂತ ತೀರ್ಮಾನವಾದರೆ ಕರುಣೆ ಕೇಳುವ ಬಹುತೇಕ ಬಾಗಿಲೂ ಮುಚ್ಚುತ್ತದೆ. ಜೈಲಿಲ್ಲದೆ ಬರೀ ನಿಗಾವಣೆಯ ಶಿಕ್ಷೆ ಸಿಕ್ಕರೂ ಅಷ್ಟೇ. 40 ವರ್ಷ ಅಮೆರಿಕದಲ್ಲಿದ್ದ, ವಿಯೆಟ್ನಾಂ ಯುದ್ಧದಲ್ಲಿ ಸೇವೆ ಮಾಡಿದ್ದ ಪಡಿಯಾ ಅನ್ನುವವರಿಗೆ ಮಾದಕವಸ್ತು ಕೇಸಿನಲ್ಲಿ 'ಇಷ್ಟು ವರ್ಷ ಇದ್ದೀಯ, ಏನೂ ಆಗಲ್ಲ' ಅಂದಿದ್ದರು ವಕೀಲರು. ತಪ್ಪೊಪ್ಪಿಕೊಂಡ ಮೇಲೆ ಗಡೀಪಾರಿನ ಕತ್ತಿ ತಲೆ ಮೇಲೆ ಬಂತು. ಗಡೀಪಾರಿನ ಅಪಾಯ ತಿಳಿಸುವುದು ವಕೀಲರ ಕರ್ತವ್ಯ ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಆ ಕೇಸಿನಲ್ಲೇ. ಆದ್ದರಿಂದ ಕ್ರಿಮಿನಲ್ ವಕೀಲರ ಪಕ್ಕದಲ್ಲಿ ವಲಸೆ ಕಾನೂನಿನ ವಕೀಲರೂ ಕೂತಿರಬೇಕು. ಒಪ್ಪಂದ ಮಾಡಿಕೊಳ್ಳುವುದೇ ಆದರೆ ಯಾವ ಕಲಮಿನ ಕೆಳಗೆ, ಕಾಗದದಲ್ಲಿ ಯಾವ ಪದ ಅನ್ನುವುದನ್ನು ಅವರು ನೋಡಲಿ. ವಕೀಲರ ಫೀಸು ಭರಿಸಲಾಗದಿದ್ದರೆ ಕೋರ್ಟೇ ವಕೀಲರನ್ನು ಕೊಡುತ್ತದೆ. ಫೆಡರಲ್ ಪಬ್ಲಿಕ್ ಡಿಫೆಂಡರ್ ಅಂದರೆ ಕಡಿಮೆಯವರು ಅಂದುಕೊಳ್ಳಬೇಡಿ, ದಿನಾ ಇದೇ ಕೋರ್ಟಿನಲ್ಲಿ ಇರುವವರು ಅವರು.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಗೆಳೆಯ ಶೂಟಿಂಗ್ ರೇಂಜ್‌ಗೆ ಕರೆಯುತ್ತಿದ್ದಾನೆ. ಹೋಗಬಹುದಾ?

ಉತ್ತರ: ಹೋಗಿ ನೋಡಿ ಬನ್ನಿ, ಬಂದೂಕು ಮುಟ್ಟಬೇಡಿ. ನಿಮ್ಮಂಥ ತಾತ್ಕಾಲಿಕ ವೀಸಾದವರು ಬಂದೂಕು ಹೊಂದುವಂತಿಲ್ಲ. ಕೈಯಲ್ಲಿ ಹಿಡಿದರೂ 'ಹೊಂದಿದ' ಲೆಕ್ಕವೇ. 2022ರ ಕಾಯ್ದೆ ಈ ಶಿಕ್ಷೆಯನ್ನು 15 ವರ್ಷದವರೆಗೆ ಏರಿಸಿದೆ. ಅಲ್ಲಿಯ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಅದು ಜೇಬಿನಲ್ಲಿರದಿದ್ದರೆ ಗೆಳೆಯನಿಗೆ ಚಪ್ಪಾಳೆ ಹೊಡೆಯುವುದೇ ಕ್ಷೇಮ.

ಪ್ರಶ್ನೆ: ನಮ್ಮ ತಮ್ಮನ ಮೇಲೂ ಇದೇ ಆರೋಪ. ಈಗ ಲೈಸೆನ್ಸ್ ಮಾಡಿಸಿದರೆ ಕೇಸು ಬಿದ್ದುಹೋಗುತ್ತದಾ?

ಉತ್ತರ: ಇಲ್ಲಮ್ಮ. ಲೈಸೆನ್ಸಿಗೆ ಮೂರು ವರ್ಷಕ್ಕೆ 200 ಡಾಲರ್ ಅಷ್ಟೇ, ಮೊದಲೇ ಮಾಡಿಸಿದ್ದರೆ ಈ ಪತ್ರವೇ ಬರುತ್ತಿರಲಿಲ್ಲ. ಆದರೆ ಅದು ಹಿಂದಿನ ಮಾರಾಟಕ್ಕೆ ಅನ್ವಯಿಸಲ್ಲ. ದೋಷಾರೋಪ ಹೊರಿಸಿದ ಮೇಲಂತೂ ಸಿಗುವುದೂ ಇಲ್ಲ, ಕೇಸು ಮುಗಿಯುವವರೆಗೆ ಹೊಸ ಬಂದೂಕು ಪಡೆಯುವಂತಿಲ್ಲ. ಜಪ್ತಿಯಾದ ಬಂದೂಕುಗಳ ಚಿಂತೆ ಬಿಡಿ, ಖುಲಾಸೆಯಾದರೆ ವಾಪಸ್ ಕೊಡಬೇಕು ಅಂತ ಕಾನೂನಿದೆ. ಜಪ್ತಿಯ ನೋಟಿಸ್ ಬಂದರೆ ಮಾತ್ರ ಅದರಲ್ಲಿರುವ ಗಡುವಿನೊಳಗೆ ಹಕ್ಕು ಕೇಳಿ ಉತ್ತರ ಕೊಡಲಿ, ಲಕೋಟೆ ಒಡೆಯದೆ ಮೂಲೆಗೆ ಎಸೆಯುವುದು ಬೇಡ.