ಆರಾಧನೆಗೆ ತಡೆಯಿಲ್ಲ, ಅಧಿಕಾರಕ್ಕೆ ಉಂಟು

ಓದುಗರ ಪತ್ರ: “ಅಮೆರಿಕದಲ್ಲಿ ವಿಲಿಯಂ ಪೆನ್ ಕಟ್ಟಿದ ಇಂಗ್ಲಿಷ್ ವಸಾಹತು ಪೆನ್ಸಿಲ್ವೇನಿಯಾದಲ್ಲಿ ಎಲ್ಲ ಮತದವರೂ ಸಮಾನರಾಗಿದ್ದರಂತೆ. ಹಾಗಾದರೆ ಯಹೂದಿಗಳು, ಕ್ಯಾಥೊಲಿಕರು ಶಾಸನಸಭೆಯಲ್ಲಿ ಕೂರಬಹುದಿತ್ತೆ? ಪೆನ್ ಸೇರಿದ್ದ ಕ್ರೈಸ್ತ ಪಂಥದವರಾದ, ಅಹಿಂಸೆಯ ಕ್ವೇಕರರೇ ಗಲ್ಲುಶಿಕ್ಷೆಯನ್ನು ಹೆಚ್ಚಿಸಿದರು ಎಂಬುದು ನಿಜವೆ?”

ಸಂಪಾದಕರ ಉತ್ತರ: ಯಹೂದಿಗಳಿಗೆ ಅವಕಾಶವೇ ಇರಲಿಲ್ಲ. ಗಲ್ಲಿನ ಮಾತು ನಿಜ.

1681ರಲ್ಲಿ ದೊರೆ ಎರಡನೇ ಚಾರ್ಲ್ಸ್, ಪೆನ್ನನ ತಂದೆಗೆ ಸಲ್ಲಬೇಕಿದ್ದ 16,000 ಪೌಂಡ್ ಸಾಲದ ಬಾಬ್ತು ಈ ನೆಲದ ಸನ್ನದು ಕೊಟ್ಟ. ಮರುವರ್ಷ ಡಿಸೆಂಬರಿನಲ್ಲಿ ಚೆಸ್ಟರಿನಲ್ಲಿ ಸೇರಿದ ಮೊದಲ ಸಭೆಯ ಕಾನೂನಿನಂತೆ, ಸರ್ವಶಕ್ತನಾದ ಒಬ್ಬ ದೇವರನ್ನು ಒಪ್ಪುವ ಯಾರನ್ನೂ ನಂಬಿಕೆಯ ಕಾರಣಕ್ಕೆ ಪೀಡಿಸುವಂತಿಲ್ಲ. ಇಂಥ ಚರ್ಚಿಗೇ ಹೋಗು, ಇಂಥ ಪಾದ್ರಿಯನ್ನೇ ಸಾಕು ಎಂದು ಬಲವಂತ ಮಾಡುವಂತಿಲ್ಲ. ಇನ್ನೊಬ್ಬರ ಮತವನ್ನು ಹೀಯಾಳಿಸಿದರೆ ಶಾಂತಿಭಂಗದ ಅಪರಾಧ. 1660ರಲ್ಲಷ್ಟೇ ಬಾಸ್ಟನ್ನಿನವರು ಮೇರಿ ಡೈಯರ್ ಎಂಬ ಕ್ವೇಕರ್ ಹೆಂಗಸನ್ನು ನೇಣಿಗೇರಿಸಿದ್ದರು ಎಂಬುದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ. ಆದರೆ ಅದೇ ಕಾನೂನಿನ ಪ್ರಕಾರ ಅಧಿಕಾರಿಗಳು, ಸಭಾಸದರು, ಮತದಾರರು ಕೂಡ ಯೇಸುವಿನಲ್ಲಿ ನಂಬಿಕೆಯಿಟ್ಟವರಾಗಿರಬೇಕಿತ್ತು.

ಕ್ಯಾಥೊಲಿಕರಿಗೆ ಅಡ್ಡ ಬಂದದ್ದು 18ನೇ ಶತಮಾನದ ಆರಂಭದಲ್ಲಿ, ಲಂಡನ್ನಿನ ಒತ್ತಡದಿಂದ. ಪೂಜೆಯ ರೊಟ್ಟಿ, ದ್ರಾಕ್ಷಾರಸ ಕ್ರಿಸ್ತನ ದೇಹ, ರಕ್ತವಾಗಿ ಮಾರ್ಪಡುವುದಿಲ್ಲ ಎಂದು, ಅಂದರೆ ಕ್ಯಾಥೊಲಿಕ್ ನಂಬಿಕೆಗೆ ವಿರುದ್ಧವಾಗಿ, ಘೋಷಿಸಿದವರಿಗಷ್ಟೇ ಹುದ್ದೆ. ಅದೇ ಕ್ಯಾಥೊಲಿಕರು 1733ರಿಂದ ಫಿಲಡೆಲ್ಫಿಯಾದ ಸೇಂಟ್ ಜೋಸೆಫ್ ಚರ್ಚಿನಲ್ಲಿ ರಾಜಾರೋಷವಾಗಿ ಬಲಿಪೂಜೆ ನಡೆಸುತ್ತಿದ್ದರು. ಇಂಗ್ಲೆಂಡಿನಲ್ಲಿ ಆಗ ಅದು ಅಪರಾಧ.

ಗಲ್ಲಿನ ಕಥೆ ಶುರುವಾಗುವುದು ಆಣೆಯಿಂದ. ಬೈಬಲ್ ಮುಟ್ಟಿ ಆಡಿದ್ದು ಮಾತ್ರ ಸತ್ಯವಾದರೆ ಮಿಕ್ಕ ಮಾತೆಲ್ಲ ಸುಳ್ಳೆ ಎಂದು ಕೇಳುವ ಕ್ವೇಕರರು ಆಣೆ ಇಡುವುದಿಲ್ಲ, ದೃಢೀಕರಿಸುತ್ತಾರೆ. (ನಮ್ಮ ಸಂವಿಧಾನದ ಪ್ರಮಾಣವಚನದಲ್ಲಿ ದೇವರ ಹೆಸರಿನ ಪಕ್ಕ ದೃಢೀಕರಣದ ಆಯ್ಕೆ ಇದೆಯಲ್ಲ, ಅದರ ಬೇರು ಇಂಗ್ಲೆಂಡಿನ ಈ ಜಗಳದಲ್ಲಿದೆ.) ಇಂಗ್ಲಿಷ್ ಕಾನೂನು ಕ್ರಿಮಿನಲ್ ಸಾಕ್ಷ್ಯಕ್ಕೆ, ಜ್ಯೂರಿಗೆ, ಸರ್ಕಾರಿ ಹುದ್ದೆಗೆ ದೃಢೀಕರಣ ಸಾಲದೆನ್ನುತ್ತಿತ್ತು. ಈ ನಿಯಮ 1715ರಲ್ಲಿ ವಸಾಹತುಗಳಿಗೂ ಅನ್ವಯವಾದಾಗ, ಜ್ಯೂರಿಯಲ್ಲೂ ಸಾಕ್ಷಿಕಟ್ಟೆಯಲ್ಲೂ ಕ್ವೇಕರರೇ ಇದ್ದ ಪೆನ್ಸಿಲ್ವೇನಿಯಾದಲ್ಲಿ ಕೊಲೆ ಮೊಕದ್ದಮೆಗಳು ಮುಂದೆ ಸಾಗಲಿಲ್ಲ. 1718ರಲ್ಲಿ ಗವರ್ನರ್ ವಿಲಿಯಂ ಕೀತ್ ಕಾಲದಲ್ಲಿ ಸಭೆ ಕೊಡು-ಕೊಳ್ಳುವಿಕೆಗೆ ಇಳಿಯಿತು: ದೃಢೀಕರಣ ಉಳಿಸಿಕೊಂಡು ಇಂಗ್ಲೆಂಡಿನ ದಂಡಸಂಹಿತೆಯನ್ನು ಒಪ್ಪಿತು. ಮೊದಲು ಬಹುಮಟ್ಟಿಗೆ ಕೊಲೆಗಷ್ಟೇ ಇದ್ದ ಮರಣದಂಡನೆ ದರೋಡೆ, ಕನ್ನ, ಮನೆಗೆ ಬೆಂಕಿ ಇಡುವುದು, ಮಾಟ ಸೇರಿ ಹತ್ತಾರು ಅಪರಾಧಗಳಿಗೆ ಹಬ್ಬಿತು.

ಇದನ್ನು ಅಸಹಾಯಕತೆ ಎಂದು ಸಮರ್ಥಿಸುವವರಿದ್ದಾರೆ. ನಮಗೆ ಹಾಗನ್ನಿಸದು, ಅಧಿಕಾರ ಬಿಟ್ಟು ಬರುವ ದಾರಿ ಇದ್ದೇ ಇತ್ತು. 1756ರಲ್ಲಿ ಲೆನಾಪೆ ಮೂಲನಿವಾಸಿಗಳ ಮೇಲೆ ಯುದ್ಧ ಸಾರಿದಾಗ ಕೆಲವು ಕ್ವೇಕರ್ ಸಭಾಸದರು ಅದೇ ದಾರಿ ಹಿಡಿದು ರಾಜೀನಾಮೆ ಕೊಟ್ಟರು.

ಯಹೂದಿಗಳ ವಿಷಯಕ್ಕೆ ಮರಳಿದರೆ, 1776ರ ರಾಜ್ಯ ಸಂವಿಧಾನವೂ ಸಭಾಸದರಿಂದ ಹೊಸ ಒಡಂಬಡಿಕೆಯ (ಬೈಬಲಿನಲ್ಲಿ ಯೇಸುವಿನ ಕಥೆಯಿರುವ, ಯಹೂದಿಗಳು ಒಪ್ಪದ ಭಾಗ) ಮೇಲೆ ಘೋಷಣೆ ಕೇಳಿತು. ಫಿಲಡೆಲ್ಫಿಯಾದ ಯಹೂದಿಗಳು 1783ರಲ್ಲಿ ಮನವಿ ಕೊಟ್ಟರು. ಆ ಷರತ್ತು ಬಿದ್ದುಹೋದದ್ದು 1790ರಲ್ಲಿ. ಆಗಲೂ ರಕ್ಷಣೆ ಸಿಕ್ಕಿದ್ದು ದೇವರನ್ನೂ ಪರಲೋಕದ ಪಾಪಪುಣ್ಯಫಲವನ್ನೂ ಒಪ್ಪುವವರಿಗೆ ಮಾತ್ರ.