ತಮಿಳಿನ ‘ಕರಗಾಟ್ಟಕ್ಕಾರನ್’ ಚಿತ್ರ ‘ತಿಲ್ಲಾನಾ ಮೋಹನಾಂಬಾಳ್’ನ ನಕಲಾ?

ನಕಲು ಅಂದರೆ ಜಾಸ್ತಿಯಾಯ್ತು, ಆದರೆ ಕಥೆಯ ಎಳೆ ಅಲ್ಲಿಂದಲೇ ಬಂದಿದ್ದು. 1968ರ ಚಿತ್ರದಲ್ಲಿ ಶಿವಾಜಿ ಗಣೇಶನ್ ನಾದಸ್ವರ ವಿದ್ವಾಂಸ, ಪದ್ಮಿನಿ ಭರತನಾಟ್ಯ ಕಲಾವಿದೆ. ಇಬ್ಬರ ನಡುವೆ ಪೈಪೋಟಿ, ಜೊತೆಗೇ ಪ್ರೀತಿ. ನಿರ್ದೇಶಕ ಗಂಗೈ ಅಮರನ್ 1989ರಲ್ಲಿ ಇದನ್ನೇ ಹಳ್ಳಿಯ ಕರಗ ಕುಣಿತಕ್ಕೆ ಒಗ್ಗಿಸಿದರು. ಇಲ್ಲಿ ರಾಮರಾಜನ್, ಕನಕಾ ಇಬ್ಬರೂ ತಲೆ ಮೇಲೆ ಕರಗ ಹೊತ್ತು ಕುಣಿಯುವವರೇ. ಕನಕಾಗೆ ಇದು ಮೊದಲ ಚಿತ್ರ, ಅವರು ನಟಿ ದೇವಿಕಾ ಮಗಳು. ಸಂಗೀತ ಅಮರನ್ ಅಣ್ಣ ಇಳಯರಾಜಾ ಅವರದು, ಹಾಡುಗಳೇ ಅರ್ಧ ಚಿತ್ರ ಗೆಲ್ಲಿಸಿದವು ಅನ್ನಬಹುದು. ಉಳಿದರ್ಧ ಗೌಂಡಮಣಿ-ಸೆಂಥಿಲ್ ಕಾಮಿಡಿ: ತರಿಸಿದ್ದು ಎರಡು ಬಾಳೆಹಣ್ಣು, ಕೈಗೆ ಬಂದಿದ್ದು ಒಂದು, ಇನ್ನೊಂದೆಲ್ಲಿ ಅಂತ ಕೇಳಿದರೆ ಸೆಂಥಿಲ್ ಸುಮ್ನೆ ಅದೇ ಹಣ್ಣನ್ನ ತೋರಿಸ್ತಾರೆ!